ಬಿಸಿಲಿಗೆ ನೆನೆಸಿದ ಗ್ಲೌಸು

ನನ್ನ ಹೆಂಡತಿಯ ತಂಗಿಯನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಚಿಕ್ಕವಳು ಎಂದೇ. ಮಾಡುವ ಕೆಲಸ ಮಾತ್ರ ಚಿಕ್ಕದಲ್ಲ. ಅವಳು ಓಡಿಸುವುದು ಆಂಬುಲೆನ್ಸ್ ಬೈಕು. ದೊಡ್ಡ ವ್ಯಾನು ಬೇಗ ನುಗ್ಗಲಾರದ ಗಲ್ಲಿಗೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಅವಳು ಮೊದಲು ಹೋಗಬೇಕು, ವ್ಯಾನು ಬರುವವರೆಗೆ ಜೀವ ಹಿಡಿದಿಡಬೇಕು. ಗಾಡಿ ಕಲಿತದ್ದು ನನ್ನ ಅಂಗಡಿಯ ಮುಂದೆ. ನಾನು ಬೈಕಿನ ಸೀಟು ಹೊಲಿಯುವವನು. ಹೊಲಿಯಲು ಸೀಟು ಬಿಚ್ಚಿದ ಗಾಡಿಗಳ ಬರೀ ತಗಡಿನ ಮೇಲೆ ಕೂತೇ ಕಲಿತಳು. ನಾನು ಬೈದು ಬೈದು ಸುಸ್ತಾದೆ, ಅವಳು ಕಲಿತೇ ಬಿಟ್ಟಳು.

ಒಂದು ಬೇಸಿಗೆಯಲ್ಲಿ, ಸೆಕೆ ತಡೆಯಲಾರದೆ ಗ್ಲೌಸು ಕಳಚಿಟ್ಟು ಓಡಿಸುತ್ತಿದ್ದಾಗ ಮರಳಿನ ಮೇಲೆ ಜಾರಿ, ಎರಡೂ ಅಂಗೈಯ ಚರ್ಮವನ್ನು ರಸ್ತೆಗೆ ಕೊಟ್ಟು ಬಂದಳು. ನನ್ನ ಹೆಂಡತಿ ತುತ್ತು ಮಾಡಿ ತಿನ್ನಿಸಬೇಕಾಯಿತು. ಅವಳಿಗೆ ಕೈಗಿಂತ ಹೆಚ್ಚು ಉರಿದದ್ದು ಬೇರೆ. ಅವತ್ತು ಕರೆದವರ ಮನೆಗೆ ಬಹಳ ಹೊತ್ತು ಯಾರೂ ತಲುಪಲಿಲ್ಲ, ಇವಳು ಬರುತ್ತಿದ್ದಾಳೆಂದೇ ಎಲ್ಲರೂ ನಂಬಿ ಕೂತಿದ್ದರು. ಅಂದಿನಿಂದ ಅವಳು ಬರಿಗೈಯಲ್ಲಿ ಹ್ಯಾಂಡಲ್ ಮುಟ್ಟಿಲ್ಲ.

ಬೇಸಿಗೆಯ ಗ್ಲೌಸೆಂದರೆ ಬೆನ್ನಿಗೆ ಗಾಳಿಯಾಡುವ ಬಲೆಬಟ್ಟೆ, ಅಂಗೈಗೆ ಚರ್ಮ, ಒಳಗೊಂದು ತೆಳು ಅಸ್ತರು. ಕಾದ ರಸ್ತೆಯಲ್ಲಿ ಅದೂ ಸಾಲದು. ಹಾಗಾಗಿ ಈ ಬೈಕಿನವರೆಲ್ಲ ಹೊರಡುವ ಮುಂಚೆ ಗ್ಲೌಸನ್ನು ನಲ್ಲಿಯ ಕೆಳಗೆ ಹಿಡಿದು ನೆನೆಸಿಕೊಳ್ಳುತ್ತಾರೆ. ಗಾಳಿ ಬಡಿದರೆ ಕೈ ತಣ್ಣಗಿರುತ್ತದಂತೆ.

ಆ ಮಧ್ಯಾಹ್ನವೂ ನೆನೆಸಿಕೊಂಡಿದ್ದಳು.

ಕರೆದವನು ನಾನೇ. ಪಕ್ಕದಲ್ಲಿ ಲೇತ್ ಯಂತ್ರದ ಅಂಗಡಿ ಇಟ್ಟ ಲೇತ್ ಅಣ್ಣನ ಕೈಯಲ್ಲಿದ್ದ ಕಬ್ಬಿಣ ಕೊಯ್ಯುವ ಚಕ್ರ ಒಡೆದು, ಚೂರೊಂದು ತೊಡೆಯ ಸಂದಿಗೆ ನುಗ್ಗಿತ್ತು. ರಕ್ತ ಉಕ್ಕುತ್ತಿತ್ತು. ಸೀಟಿಗೆಂದು ಇಟ್ಟಿದ್ದ ಹತ್ತಿಬಟ್ಟೆ ತುರುಕಿ, ಎರಡೂ ಕೈ ಊರಿ, ಮೈಭಾರವೆಲ್ಲ ಹಾಕಿ ಒತ್ತಿಕೊಂಡು ಕೂತೆ. ಬಟ್ಟೆ ತೊಯ್ದು ಬೆರಳ ಸಂದಿಯಲ್ಲಿ ಬೆಚ್ಚಗೆ ಹರಿಯತೊಡಗಿತು. ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ಅವನ ತಲೆ ಹಿಡಿದುಕೊಂಡಿದ್ದಳು. ಅವನ ತುಟಿ ಬಿಳಚಿಕೊಂಡಿತ್ತು.

ಬೈಕು ಬಂತು. ಚಿಕ್ಕವಳು ಪೆಟ್ಟಿಗೆ ಎತ್ತಿಕೊಂಡು ಓಡಿ ಬಂದು ಮಂಡಿಯೂರಿದಳು.

"ಇಲ್ಲಿ ಪಟ್ಟಿ ಕಟ್ಟೋಕಾಗಲ್ಲ. ಒಳಗೆ ಬೆರಳಲ್ಲೇ ಬಟ್ಟೆ ತುಂಬಬೇಕು."

ಎಡಗೈಯ ಗ್ಲೌಸು ಹಲ್ಲಿನಲ್ಲಿ ಕಚ್ಚಿ ಎಳೆದಳು, ಬಂತು. ಬಲಗೈಯದು ಬರಲಿಲ್ಲ. ಹೊರಗಿನ ಚರ್ಮ ಬಿಸಿಲಿಗೆ ಒಣಗಿ ಬಿಗಿದುಕೊಂಡಿತ್ತು, ಒಳಗಿನ ಅಸ್ತರು ಒದ್ದೆಯಾಗಿ ಬೆರಳಿಗೆ ಅಂಟಿತ್ತು. ಎಳೆದಷ್ಟೂ ಅಸ್ತರು ಸುರುಳಿಯಾಗಿ ಗೆಣ್ಣಿನ ಹತ್ತಿರ ಗಂಟಾಗುತ್ತಿತ್ತು.

"ಕತ್ತರಿ!" ಎಂದಳು.

ಕತ್ತರಿ ನನ್ನ ಸೊಂಟದಲ್ಲೇ ಇತ್ತು. ನಾನು ಒಂದು ಕೈ ಎತ್ತಿದೆ.

"ಕೈ ತೆಗೀಬೇಡ ಭಾವ! ಸತ್ತೋಗ್ತಾರೆ!"

ಎತ್ತಿದಷ್ಟರಲ್ಲೇ ರಕ್ತ ಚಿಮ್ಮಿ ನನ್ನ ಮುಖಕ್ಕೆ ಹೊಡೆದಿತ್ತು. ಮತ್ತೆ ಒತ್ತಿದೆ. "ಅತ್ತಿಗೇ, ತಗೊಳ್ಳಿ! ಏನು ನೋಡ್ತಾ ಕೂತಿದ್ದೀರಿ!" ಎಂದು ಅರಚಿದೆ.

ಅತ್ತಿಗೆ ನನ್ನ ಸೊಂಟದಿಂದ ಕತ್ತರಿ ಕಿತ್ತುಕೊಂಡಳು. ಎಲ್ಲಿ ಹಾಕಬೇಕೆಂದು ತಿಳಿಯದೆ ಗ್ಲೌಸಿನ ಮೇಲೆ ಹಿಡಿದಳು.

"ಅಂಗೈ ಕಡೆ ಬೇಡ, ಚರ್ಮ ಕತ್ತರಿಸೋಕಾಗಲ್ಲ. ಬೆನ್ನ ಕಡೆ, ಬಲೆಬಟ್ಟೆ. ಮಣಿಕಟ್ಟಿಂದ ಹಾಕಿ," ಎಂದಳು ಚಿಕ್ಕವಳು.

"ನಿನ್ನ ಬೆರಳು ಹೋದ್ರೆ?"

"ಹೋದ್ರೆ ಹೋಗ್ಲಿ, ಹಾಕಿ ಅತ್ತಿಗೆ!"

ಕಣ್ಣು ಮುಚ್ಚಿದ್ದ ಲೇತ್ ಅಣ್ಣ ತುಟಿ ಅಲ್ಲಾಡಿಸಿದ. "ನಿಧಾನಕ್ಕೆ ಕಣೇ... ನೀನು ತರಕಾರಿನೂ ವಕ್ರವಕ್ರ ಹೆಚ್ಚೋಳು."

"ಬಾಯಿ ಮುಚ್ಚಿ ಸುಮ್ನಿರಿ ನೀವು," ಎಂದಳು ಅತ್ತಿಗೆ. ಆ ಸಿಟ್ಟಿಗೆ ಅಂಜಿಕೆ ಹೋಯಿತೋ ಏನೋ, ಕತ್ತರಿ ಸರಸರನೆ ಗೆಣ್ಣಿನವರೆಗೆ ಓಡಿತು. ಚಿಕ್ಕವಳು ಗ್ಲೌಸನ್ನು ಹಾವಿನ ಪೊರೆಯಂತೆ ಸುಲಿದು ಎಸೆದಳು. ಒದ್ದೆ ಕೈಗೆ ರಬ್ಬರ್ ಗ್ಲೌಸು ಏರಲಿಲ್ಲ. ಕೈಯನ್ನು ಪ್ಯಾಂಟಿಗೆ ಒರೆಸಿ ಮತ್ತೆ ನುಗ್ಗಿಸಿದಳು.

"ಭಾವ, ನಾನು ಹೇಳಿದಾಗ ಬಿಡು. ಈಗ!"

ಬಿಟ್ಟೆ. ಅವಳ ಬೆರಳು ಗಾಯದೊಳಗೆ ಹೋಯಿತು. ಬಟ್ಟೆಯ ಸುರುಳಿ ಗೇಣುಗೇಣಾಗಿ ಒಳಗಿಳಿಯಿತು, ಇಳಿಯುತ್ತಲೇ ಇತ್ತು. ಲೇತ್ ಅಣ್ಣ ಎತ್ತಿನ ಹಾಗೆ ಅರಚಿದ. ಕೊನೆಗೆ ಅವಳು ಮುಷ್ಟಿ ಊರಿ ಒತ್ತಿ ಹಿಡಿದಳು. ಮೇಲಿನ ಬಟ್ಟೆ ಬಿಳಿಯಾಗಿಯೇ ಉಳಿಯಿತು.

ವ್ಯಾನು ಬಂದು ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಹೋಯಿತು. ಚಿಕ್ಕವಳ ಹೆಗಲಿನ ಫೋನು ಆಗಲೇ ಮತ್ತೆ ಕೂಗಿತು. ಮಾರುಕಟ್ಟೆಯ ಹಿಂದೆ ಯಾರಿಗೋ ಉಸಿರುಗಟ್ಟುತ್ತಿದೆ, ಹೊರಡಿ ಎಂದರು.

ಅವಳು ನೆಲದ ಮೇಲಿದ್ದ ಗ್ಲೌಸನ್ನು ನೋಡಿದಳು. "ನನ್ನಿಂದ ಆಗಲ್ಲ. ಬಲಗೈಗೆ ಗಾಡಿ ಓಡಿಸೋ ಗ್ಲೌಸಿಲ್ಲ. ಬೇರೆ ಗಾಡಿ ಕಳಿಸಿ, ಈಗಲೇ ಕಳಿಸಿ," ಎಂದಳು.

ಎದುರಿನ ಟೀ ಅಂಗಡಿಯವನು ಕೇಳಿಸಿಕೊಂಡ. "ಗ್ಲೌಸಿಲ್ಲ ಅಂತ ಹೋಗಲ್ವಂತೆ! ಮದುವೆಗೆ ಹೊರಟವಳ ಥರ."

ನಾನು ಅವನ ಕಾಲರಿಗೆ ಕೈ ಹಾಕಿದೆ. "ಏನಂದೆ? ಇನ್ನೊಂದ್ಸಲ ಅನ್ನು!"

"ಭಾವ, ಬಿಡು," ಎಂದಳು. ದನಿ ಏರಲಿಲ್ಲ. "ನಾನು ಹೊರಟು ದಾರೀಲಿ ಬಿದ್ರೆ ಅವರು ನನ್ನನ್ನೇ ಕಾಯ್ತಾ ಕೂತಿರ್ತಾರೆ."

ಮೆಟ್ಟಿಲ ಮೇಲೆ ಕೂತು ಫೋನನ್ನು ಕಿವಿಗೆ ಒತ್ತಿಕೊಂಡಳು. ರಕ್ತ ಮೆತ್ತಿದ ರಬ್ಬರ್ ಗ್ಲೌಸು ಕಳಚಲೂ ಮರೆತಳು. ಟೀ ಅಂಗಡಿಯವನೂ ಗ್ಲಾಸು ತೊಳೆಯುವುದನ್ನು ಬಿಟ್ಟು ಅವಳನ್ನೇ ನೋಡುತ್ತ ನಿಂತ. ನಾನೇ ಓಡಿಸುತ್ತೇನೆ, ಹಿಂದೆ ಕೂರು ಎಂದರೆ, ಆ ಗಾಡಿ ಬೇರೆಯವರು ಮುಟ್ಟುವಂತಿಲ್ಲ, ಸುಮ್ಮನಿರು ಎಂದಳು. ಸುಮ್ಮನಿರುವುದು ನನಗೆ ಬರುವ ವಿದ್ಯೆಯಲ್ಲ. ಆದರೂ ಇದ್ದೆ.

ಫೋನು ಗರಗರ ಎಂದಿತು. "ಮಾರುಕಟ್ಟೆ ಹಿಂದೆ ನಮ್ಮವರು ತಲುಪಿದ್ದಾರೆ. ರೋಗಿ ಉಸಿರಾಡ್ತಿದ್ದಾರೆ."

ಅವಳು ಮಂಡಿಯ ಮೇಲೆ ಹಣೆಯಿಟ್ಟಳು. ಅಷ್ಟರಲ್ಲಿ ನನ್ನ ಫೋನಿಗೆ ಅತ್ತಿಗೆಯ ಕರೆ ಬಂತು. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರಂತೆ, ಉಳಿಯುತ್ತಾರೆ ಎಂದು ಡಾಕ್ಟರು ಹೇಳಿದರಂತೆ.

"ಒಳಗೆ ಹೋಗೋವಾಗ್ಲೂ ಅದೇ ಗೊಣಗಾಟ ನೋಡಿ, ಲೇತಿನ ಮೋಟರು ಆರಿಸಿದ್ರಾ ಅಂತ," ಎಂದಳು ಅತ್ತಿಗೆ.

ಅದನ್ನು ಚಿಕ್ಕವಳಿಗೂ ಹೇಳಿದೆ. ಪಕ್ಕದ ಅಂಗಡಿಯಲ್ಲಿ ಲೇತು ಇನ್ನೂ ತಿರುಗುತ್ತಲೇ ಇತ್ತು. ಇಷ್ಟು ಹೊತ್ತು ಆ ಸದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಚಿಕ್ಕವಳು ಎದ್ದು ಹೋಗಿ ಮೊಣಕೈಯಿಂದ ಸ್ವಿಚ್ಚು ಒತ್ತಿದಳು.