ಬೆಳ್ಳಮ್ಮ ತೊಳೆದ ರೇಡಿಯೋ ಬಟ್ಟೆ

ಮಳವಳ್ಳಿಯಲ್ಲಿ ಪುಟ್ಟಸ್ವಾಮಿಯ ರೇಡಿಯೋ ಅಂಗಡಿಗೆ ಹೋದವರು ಮೊದಲು ಬೈಸಿಕೊಳ್ಳುವುದು ಅವನ ಹೆಂಡತಿ ಬೆಳ್ಳಮ್ಮನ ಕೈಲಿ. ಹಳೇ ವಾಲ್ವ್ ರೇಡಿಯೋ ಸೆಟ್ಟನ್ನು ಮೇಜಿನ ಮೇಲೆ ಇಡುತ್ತಿದ್ದ ಹಾಗೇ ಅವಳ ಕಣ್ಣು ಸ್ಪೀಕರಿನ ಮುಂದೆ ಬಿಗಿದಿರುವ ಬಟ್ಟೆಗೆ ಹೋಗುತ್ತದೆ. “ಇದೇನ್ ರೇಡಿಯೋನೋ ಮಸಿಬಟ್ಟೆನೋ?” ಎನ್ನುತ್ತಾಳೆ. ಬೀಡಿ ಹೊಗೆ, ಸಾಂಬ್ರಾಣಿ ಹೊಗೆ, ಹಲ್ಲಿಯ ಹಿಕ್ಕೆ, ಸೋರುವ ಹೆಂಚಿನ ನೀರು, ಯಾವ ಕಲೆ ಯಾವುದರದ್ದೆಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಒಳಗಿನ ರಿಪೇರಿ ಗಂಡನದು, ಬಟ್ಟೆ ಇವಳದು. ಮೊದಲು ಹಾಗಿರಲಿಲ್ಲ. ಕಿರುಗಾವಲಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ, ಕೊಳೆಯಾದ ಬಟ್ಟೆಯನ್ನು ಪುಟ್ಟಸ್ವಾಮಿ ಹರಿದು ಬಿಸಾಕಿ ಅಲ್ಲಿ ರವಿಕೆ ಪೀಸು ಅಂಟಿಸುತ್ತಿದ್ದ. ಹೊಂಬಣ್ಣದ ಎಳೆ ಹಾಕಿ ನೇಯ್ದ ಬಟ್ಟೆಯನ್ನು ಕಸದಲ್ಲಿ ಕಂಡು ಬೆಳ್ಳಮ್ಮನಿಗೆ ಮೈಯೆಲ್ಲ ಉರಿದಿತ್ತು. ಅವಳ ತಾಯಿ ಊರಿನವರ ಧಾರೆ ಸೀರೆಗಳನ್ನು ಅಂಟುವಾಳದ ನೊರೆಯಲ್ಲಿ ಅದ್ದಿ ಕಲೆ ತೆಗೆಯುತ್ತಿದ್ದವಳು. ಅದೇ ನೊರೆಯನ್ನು ಮಗಳು ರೇಡಿಯೋ ಬಟ್ಟೆಗೆ ತಂದಳು. ಉಜ್ಜುವಂತಿಲ್ಲ, ಹಿಂಡುವಂತಿಲ್ಲ. ಹಳೇ ಪಂಚೆಯ ಚೂರಿನಿಂದ ಒತ್ತಿ ಒತ್ತಿ ಕೊಳೆ ಎತ್ತಬೇಕು, ಹಲಗೆಗೆ ಗುಂಡುಪಿನ್ನು ಚುಚ್ಚಿ ನೆರಳಲ್ಲಿ ಒಣಗಿಸಬೇಕು, ಇಲ್ಲದಿದ್ದರೆ ನೇಯ್ಗೆ ಸೊಟ್ಟಗಾಗುತ್ತದೆ. ಇದನ್ನು ಕಲಿಯಲು ಎಷ್ಟು ಬಟ್ಟೆ ಹಾಳುಮಾಡಿದಳೋ, ಅದನ್ನು ಮಾತ್ರ ಹೇಳುವುದಿಲ್ಲ.

ಹೋದ ವರ್ಷ ಕಾರ್ತೀಕದಲ್ಲಿ ಹಲಗೂರಿನ ಚಿಕ್ಕನಂಜಮ್ಮ ಒಂದು ಸೆಟ್ಟು ತಂದಳು. ಬಿಚ್ಚಾಣಿಕೆ ಮನೆಯಲ್ಲಿ ಗೂಡು ಬೇಯುವ ನೀರಿಗೆ ಕೈಯಿಟ್ಟು, ರೇಷ್ಮೆ ನೂಲು ತೆಗೆದು, ಮದುವೆಗೂ ಮುಂಚೆ ತಾನೇ ದುಡಿದು ಕೊಂಡ ರೇಡಿಯೋ ಅದು. ಗೋಡೆಯ ನೀರಿಳಿದು ಬಟ್ಟೆಯ ಅರ್ಧಕ್ಕೆ ಕಂದು ಕಲೆ ಬಿದ್ದಿತ್ತು. ಮೊಳೆಯ ತುಕ್ಕು ಬೇರೆ. ಬೆಳ್ಳಮ್ಮ ತುಕ್ಕಿಗೆ ಉಪ್ಪು, ನಿಂಬೆರಸ ಇಟ್ಟಳು. ಉಳಿದದ್ದಕ್ಕೆ ಆರು ದಿನ ನೊರೆ ಒತ್ತಿದಳು. ಆಮೇಲೆ ಎಳೆಗಳು ಹೊಳೆದವು. ಸೋಮವಾರ ಬಂದು ಒಯ್ಯಿರಿ ಎಂದು ಫೋನು ಮಾಡಿ, ಭಾನುವಾರ ಹನಕೆರೆಯಲ್ಲಿರುವ ತಂಗಿಯನ್ನು ನೋಡಲು ಹೋದಳು.

ಮಧ್ಯಾಹ್ನ ವಾಪಸು ಬಂದರೆ ಕಪಾಟಿನಲ್ಲಿ ಸೆಟ್ಟಿಲ್ಲ.

“ಸೂಟಿಂಗಿನವ್ರು ಬಂದಿದ್ರು ಕಣೆ” ಎಂದ ಪುಟ್ಟಸ್ವಾಮಿ. “ಮದ್ದೂರ್ ತಾವ ಒಂದ್ ತೊಟ್ಟಿಮನೇಲಿ ಸಿನ್ಮಾ ತೆಗೀತಾವ್ರೆ. ಸಂಜೆಗೆ ತಂದ್ಕೊಡ್ತೀವಿ ಅಂದ್ರು. ನಮ್ ರೇಡಿಯೋ ಸಿನ್ಮಾದಲ್ಲಿ ಬತ್ತದಲ್ಲ ಅಂತ...”

“ನಮ್ದಾ? ಚಿಕ್ಕನಂಜಮ್ಮಂದು ಕಣಯ್ಯ ಅದು! ಆಯಮ್ಮನ್ನ ಕೇಳ್ದಾ? ನನ್ನಾದ್ರೂ ಕೇಳ್ದಾ? ಏಳು, ಎಲ್ಲಿ ತೋರ್ಸು ನಡಿ!”

ಅಂಗಡಿ ಬಾಗಿಲು ಹಾಕಿಸಿ, ಗಂಡನನ್ನು ಎಬ್ಬಿಸಿಕೊಂಡು ಮದ್ದೂರಿನ ಬಸ್ಸು ಹತ್ತಿದಳು.

ತೊಟ್ಟಿಮನೆಯ ಜಗುಲಿಯಲ್ಲಿ ದೊಡ್ಡ ದೀಪಗಳು ಉರಿಯುತ್ತಿದ್ದವು. ಅಲ್ಲೊಂದು ಮಣೆಯ ಮೇಲೆ ರೇಡಿಯೋ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಯುವಕ ಲೋಟಕ್ಕೆ ಬ್ರಷ್ಷು ಅದ್ದಿ ಅದ್ದಿ ಬಟ್ಟೆಗೆ ಬಳಿಯುತ್ತಿದ್ದ. ಟೀ ಡಿಕಾಕ್ಷನ್ನು. ಮೇಲೆ ಬೂದಿ ತೂರಿದ್ದ. ಅದು ಉದುರದೆ ಇರಲೆಂದು ಒಂದು ಮೂಲೆಗೆ ಆಗಲೇ ವಾರ್ನಿಷ್ ಸಿಂಪಡಿಸಿದ್ದ. ಸಿನಿಮಾದ ಸಾಮಾನು ಜೋಡಿಸುವ ಕೆಲಸ ಅವನದು, ಹೆಸರು ರಘುನಂದನ್.

“ಏನ್ಲಾ ಮಾಡ್ತಿದ್ದೀಯ?”

ಅವನು ನಗುತ್ತಲೇ ತಿರುಗಿದ. “ತುಂಬಾ ಹೊಸದಾಗಿ ಕಾಣ್ತಿತ್ತು ಆಂಟಿ. ಸ್ವಲ್ಪ ಹಳೇದು ಮಾಡ್ತಿದ್ದೀನಿ.”

ಬೆಳ್ಳಮ್ಮ ಲೋಟ ಕಿತ್ತು ಅಂಗಳಕ್ಕೆ ಎಸೆದಳು.

“ಅಳೇದು ಮಾಡ್ತೀಯಾ? ಐವತ್ತು ವರ್ಸದ ಬಟ್ಟೆ ಕಣ್ಲಾ ಅದು! ಒಂದ್ ವಾರ ಕೂತ್ಕಂಡು ಎಳೆ ಎಳೆ ತೊಳ್ದಿವ್ನಿ. ಓಗು, ನಿಮ್ಮವ್ವನ ಧಾರೆ ಸೀರೆ ಮೇಲೆ ಉಯ್ಯೋಗು ಟೀಯ!”

ಸದ್ದು ಕೇಳಿ ನಿರ್ದೇಶಕ ಓಡಿ ಬಂದು ಕೈಮುಗಿದ. “ಅಮ್ಮ, ಇದೇ ರೇಡಿಯೋ ಹೊಸದಿದ್ದಾಗಿನ ಅರ್ಧ ಸೀನು ತೆಗೆದಾಗಿದೆ, ಹಳೇದಾದ ಮೇಲಿನದು ಬಾಕಿ. ಇನ್ನೊಂದೇ ಗಂಟೆ ಬಿಡಿ. ಎಷ್ಟು ಬೇಕೋ ಕೊಡ್ತೀವಿ.”

“ನಿನ್ ದುಡ್ಡು ನೀನೇ ಮಡಿಕ್ಕೊ. ನಾಳೆ ಈ ಉಡ್ಗ ನಮ್ಮ ಅಂಗ್ಡಿಗ್ ಬರ್ಲಿ. ರೇಡಿಯೋ ಯಾರ್ದೋ ಅವ್ರ ಮುಂದೆ ನಿಂತ್ಕಂಡು, ಇಂಗ್ ಮಾಡ್ದೆ ಕಣಮ್ಮ ಅಂತ ಯೋಳ್ಲಿ.”

ರಘುನಂದನ್ ಬರುತ್ತೇನೆಂದು ತಲೆಯಾಡಿಸಿ ಫೋನ್ ನಂಬರು ಕೊಟ್ಟ. ಬೆಳ್ಳಮ್ಮ ರೇಡಿಯೋವನ್ನು ಎದೆಗವಚಿಕೊಂಡು ಹೊರಟಳು. ಬಸ್ಸಿನಲ್ಲಿ ಗಂಡ ಹಿಡಿದುಕೊಳ್ಳಲು ಕೈ ಚಾಚಿದರೆ ಮುಟ್ಟಗೊಡಲಿಲ್ಲ.

ಮನೆಗೆ ಬಂದವಳೇ ನೊರೆ ಎಬ್ಬಿಸಿದಳು. ಟೀ ಬಿಟ್ಟಿತು, ಬೂದಿ ಬಿಟ್ಟಿತು. ವಾರ್ನಿಷ್ ಬಿದ್ದಿದ್ದ ಮೂಲೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಒತ್ತಿದಷ್ಟೂ ಎಳೆ ಗಡುಸಾಗುತ್ತಿತ್ತು. ಇನ್ನೊಂದು ಸಲ ಒತ್ತಿದರೆ ಹರಿಯುತ್ತದೆ ಎಂದು ಗೊತ್ತಾಗಿ ಕೈ ತೆಗೆದಳು. ಅಂಗೈಯಗಲದ ಕಲೆ ನಿಂತುಬಿಟ್ಟಿತು.

ಸೋಮವಾರ ಬೆಳಿಗ್ಗೆಯೇ ಚಿಕ್ಕನಂಜಮ್ಮ ಬಂದಳು. ರಘುನಂದನ್ ಬರಲಿಲ್ಲ, ಅವನ ಫೋನು ಸ್ವಿಚ್ ಆಫ್. ಬೆಳ್ಳಮ್ಮ ಗಂಡನ ಕಡೆ ತಿರುಗಿದಳು. “ಕೊಟ್ಟೋನು ನೀನು. ನೀನೇ ಯೋಳು.”

ಪುಟ್ಟಸ್ವಾಮಿ ನೆಲ ನೋಡುತ್ತಾ ನಡೆದದ್ದನ್ನೆಲ್ಲ ಹೇಳಿದ. ಚಿಕ್ಕನಂಜಮ್ಮ ಗಡುಸಾದ ಮೂಲೆಯನ್ನು ಬೆರಳಿನಿಂದ ಸವರಿ ನೋಡಿದಳು. ದನಿ ಎತ್ತರಿಸಲಿಲ್ಲ.

“ಅವ್ರಿಗೆ ಬೇಕಾಗಿದ್ರೆ ನಿಮ್ಮನೇದು ಕೊಡ್ಬೋದಿತ್ತಲ್ಲ ಪುಟ್ಟಸ್ವಾಮಣ್ಣ? ನಂದೇ ಯಾಕ್ ಕೊಟ್ರಿ?”

ಅವನು ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನು ಆ ಕಡೆ ಈ ಕಡೆ ಸರಿಸಿದ.

“ಕೇಳ್ತಾವ್ರಲ್ಲ, ಯೋಳು!” ಎಂದು ಬೆಳ್ಳಮ್ಮ ಕೂಗಿದಳು.

“ಒಸಾ ಬಟ್ಟೆ ಆಕ್ಕೊಡ್ತೀನಿ” ಎಂದ ಅವನು, ಕೊನೆಗೆ. ಇಬ್ಬರು ಹೆಂಗಸರೂ ಒಟ್ಟಿಗೇ ಬೇಡ ಎಂದರು. ಚಿಕ್ಕನಂಜಮ್ಮ ರೇಡಿಯೋವನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಹಲಗೂರಿನ ಬಸ್ಸಿಗೆ ಹೋದಳು.

ಸಿನಿಮಾ ಬೇಸಿಗೆಯಲ್ಲಿ ಮಂಡ್ಯಕ್ಕೆ ಬಂತು. ಪುಟ್ಟಸ್ವಾಮಿ ಒಬ್ಬನೇ ಹೋಗಿ ನೋಡಿ ಬಂದ. ಚಪ್ಪಲಿ ಬಿಡುತ್ತಾ, “ರೇಡಿಯೋ ಎಲ್ಲೂ ಬರ್ನಿಲ್ಲ ಕಣೆ. ಆ ಸೀನೇ ತೆಗ್ದಾಕವ್ರೆ” ಎಂದ.

ಬೆಳ್ಳಮ್ಮ ಒಲೆಯ ಮುಂದೆ ಕೋಲಿನಿಂದ ರಾಗಿಹಿಟ್ಟು ತೊಳಸುತ್ತಿದ್ದಳು. ಕೋಲು ನಿಂತಿತು. “ಇಟ್ಟು ನೀನೇ ತೊಳುಸ್ಕೊ” ಎಂದು ಕೋಲನ್ನು ಅವನ ಕೈಗೆ ತುರುಕಿ ಎದ್ದು ಹೋದಳು.