ಚಾಚಿದ ಕಾಲಿಗೊಂದು ವ್ಯಾನು

ಅಲ್ಲ ಪುಟ್ಟೀ, ವ್ಯಾನು ಬೇಕೆಂದು ಹಟ ಹಿಡಿದದ್ದು ನಿನ್ನ ಚಿಕ್ಕಜ್ಜ ಅಲ್ಲವೇ ಅಲ್ಲ. ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಬಸ್ ಓಡಿಸುತ್ತಿದ್ದ ಮನುಷ್ಯ, ಸ್ಟೇರಿಂಗ್ ಚಪಲ ಇನ್ನೂ ಬಿಟ್ಟಿಲ್ಲ ಅಂತ. ಹಟ ಹಿಡಿದವಳು ನನ್ನ ತಂಗಿ. ವ್ಯಾನಿನ ಕತೆ ಬರೆಯುವುದಾದರೆ ಮೊದಲು ಅದನ್ನು ಸರಿಯಾಗಿ ಬರೆದುಕೋ, ಟೀ ಆಮೇಲೆ ಕುಡಿಯುವೆಯಂತೆ.

ತಂಗಿ ಅಂದರೆ ನಿನ್ನ ಚಿಕ್ಕಜ್ಜಿ. ಅವಳನ್ನು ಮನೆಮಂದಿಯೆಲ್ಲ ಕತ್ತರಿ ಅಂತಲೇ ಕರೆಯುವುದು. ಬಟ್ಟೆ ಕತ್ತರಿಸುತ್ತಾಳೆಂದು ಇಟ್ಟ ಹೆಸರಲ್ಲ, ಎದುರಿಗೆ ನಿಂತವರ ಮಾತನ್ನು ಅರ್ಧಕ್ಕೇ ಕತ್ತರಿಸುತ್ತಾಳೆಂದು ನಮ್ಮಪ್ಪ ಇಟ್ಟದ್ದು. ಹೊಲಿಗೆ ಕಲಿತದ್ದು ಆಮೇಲೆ. ಅವಳ ಅಂಗಡಿ ಇದ್ದದ್ದು ಬಸ್ ಡಿಪೋ ಎದುರಿಗೆ. ಎರಡು ಮೆಷಿನ್ನು, ಕಿಟಕಿಯ ಕೆಳಗೆ ಉದ್ದನೆಯ ಕಟಿಂಗ್ ಟೇಬಲ್ಲು, ಗೋಡೆಯ ತುಂಬ ಮೊಳೆಗೆ ನೇತುಹಾಕಿದ, ಅಳತೆಗೆಂದು ಕತ್ತರಿಸಿದ ಕಂದು ಕಾಗದದ ಪ್ಯಾಂಟುಗಳು, ತೋಳುಗಳು, ಕಾಲರುಗಳು. ಡಿಪೋದ ಡ್ರೈವರುಗಳೆಲ್ಲ ಅವಳ ಹತ್ತಿರವೇ ಪ್ಯಾಂಟು ಹೊಲಿಸುತ್ತಿದ್ದರು. ಯಾಕೆ ಗೊತ್ತೇ? ಬೇರೆ ದರ್ಜಿಗಳು ನಿಂತ ಮನುಷ್ಯನಿಗೆ ಅಳತೆ ತೆಗೆಯುತ್ತಿದ್ದರು. ಡ್ರೈವರು ನಿಲ್ಲುವುದೆಲ್ಲಿ? ಇವಳು ಕುಂಡಿಯ ಹತ್ತಿರ, ಮಂಡಿಯ ಹತ್ತಿರ ಲೂಸು ಬಿಡುತ್ತಿದ್ದಳು. ನಿಂತರೆ ಸ್ವಲ್ಪ ಜೋಲುತ್ತಿತ್ತು, ಕೂತರೆ ಅರಮನೆ.

ನಿನ್ನ ಚಿಕ್ಕಜ್ಜ ಬಂದದ್ದೂ ಹಾಗೆಯೇ, ಹಿಂಭಾಗ ಹರಿದ ಪ್ಯಾಂಟನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು.

"ಕೂತಾಗ ಹರೀಬಾರದು, ಅಷ್ಟೇ," ಅಂದರಂತೆ.

"ಹಾಗಾದ್ರೆ ಕೂತ್ಕೊಳ್ಳಿ. ಕೂತಿರೋರಿಗೇ ಅಳತೆ ತಗೋತೀನಿ," ಅಂದಳಂತೆ ಇವಳು. ಕೂತವರು ಏಳಲೇ ಇಲ್ಲ ಅನ್ನು.

ಅವರದು ರಾತ್ರಿ ಬಸ್ಸು. ಕತ್ತಲಾದ ಮೇಲೆ ಹೊರಟು ಬೆಳಕು ಹರಿಯುವ ಮುಂಚೆ ಮುಟ್ಟಿಸಬೇಕು. ಹಗಲಲ್ಲಿ ಡಿಪೋದ ಕೋಣೆಯಲ್ಲಿ ನಿದ್ದೆ, ಸಂಜೆಗೆ ವಾಪಸ್ಸು. ಎಷ್ಟೋ ಊರುಗಳು ಅವರಿಗೆ ಬಸ್ ನಿಲ್ದಾಣವಾಗಿ ಮಾತ್ರ ಗೊತ್ತು. ಸಮುದ್ರದ ಊರಿಗೆ ವರ್ಷಗಟ್ಟಲೆ ಬಸ್ಸು ಬಿಟ್ಟ ಮನುಷ್ಯ, ಸಮುದ್ರದ ವಾಸನೆ ಗೊತ್ತು, ಬಣ್ಣ ಗೊತ್ತಿಲ್ಲ. ಕೆಲಸ ಬಿಟ್ಟ ಮೇಲೆ ಹಗಲಲ್ಲಿ ಎಲ್ಲವನ್ನೂ ನೋಡಿಕೊಂಡು ಬರೋಣ ಅನ್ನುತ್ತಿದ್ದರು. ಅಷ್ಟರಲ್ಲಿ ಬಲಮಂಡಿ ಕೆಟ್ಟಿತು. ಒಳಗೆ ಕೀವಾಗಿ, ಏನು ಮಾಡಿದರೂ ಮಾಯದೆ, ಕೊನೆಗೆ ಡಾಕ್ಟರು ಮೂಳೆಗೆ ಮೂಳೆ ಕೂಡಿಸಿ ಬೆಸೆದರು. ನೋವು ಹೋಯಿತು, ಮಡಚುವುದೂ ಹೋಯಿತು. ಕಾಲು ಹಲಗೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು.

ಒಂದು ಸಲ ಅವರನ್ನು ನಮ್ಮ ಮನೆಗೇ ಕಾರಿನಲ್ಲಿ ಕರೆತಂದಿದ್ದರು. ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿಸಿಕೊಂಡು. ಇಳಿಸುವಾಗ ಇಬ್ಬರು ಗಂಡಸರು ಕಂಕುಳಿಗೆ ಕೈಹಾಕಿ ಎತ್ತಿದರು. "ಹುಷಾರು, ಹುಷಾರು, ಬಾಗಿಲಿಗೆ ತಾಗ್ತದೆ!" ಅಂತ ಒಬ್ಬ ಕೂಗಿದ, ಬೀರು ಇಳಿಸುವವರ ಹಾಗೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಆದರೆ ಮನೆಗೆ ಹಿಂದಿರುಗಿದವರು ಮತ್ತೆ ಗೇಟು ದಾಟಲಿಲ್ಲ. ಜಗುಲಿಯ ಎತ್ತರದ ಕುರ್ಚಿ, ಒಳಗಿನ ಮಂಚ, ಅಷ್ಟೇ ಅವರ ದಾರಿ.

ತಂಗಿ ನನ್ನ ಹತ್ತಿರ ಬಂದು ಹೇಳಿದಳು, "ಅಕ್ಕ, ಅವರನ್ನ ಇನ್ನೊಂದು ಸಲ ಯಾರೂ ಎತ್ತಬಾರದು. ತಾವೇ ಹತ್ತಬೇಕು, ತಾವೇ ಮಲಗಬೇಕು, ತಾವೇ ಎದ್ದು ಇಳೀಬೇಕು. ಒಳಗೆ ಹಾಸಿಗೆ ಇರೋ ವ್ಯಾನು ಬರುತ್ತಲ್ಲ, ಅಂಥದ್ದೊಂದು ಸಿಗೋವರೆಗೂ ನಾನು ಬಿಡಲ್ಲ."

"ಓಡಿಸೋರು ಯಾರೇ?" ಅಂದೆ.

"ನಾನು."

ಆ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆಗೆ ಸೇರಿದಳು ಮಾರಾಯ್ತಿ! ಅವಳು ಬೀದಿಗೆ ಬಂದ ಸದ್ದು ಕೇಳಿಸಿದರೆ ಸಾಕು, ಜಗುಲಿಯಿಂದಲೇ ಪಾಠ ಶುರು. "ಎರಡನೇ ಗೇರಲ್ಲಿ ತಿರುವು ತಗೊಂಡೆ, ಕೇಳಿಸ್ತು. ಗೇರು ಅಂದ್ರೆ ಹಿಟ್ಟಲ್ಲ ಕಣೇ, ನಾದಬೇಡ."

"ನೀವು ಸುಮ್ನಿದ್ರೆ ಗೇರೂ ನಾನೂ ಮಾತಾಡ್ಕೊಂಡು ಸರಿ ಮಾಡ್ಕೋತೀವಿ," ಅನ್ನುತ್ತಿದ್ದಳು. ಮೊದಲ ಸಲ ಪರೀಕ್ಷೆಯಲ್ಲಿ ಫೇಲು. ಎರಡನೇ ಸಲ ಲೈಸೆನ್ಸು ತಂದು ಅವರ ತೊಡೆಯ ಮೇಲಿಟ್ಟಳು. ಆಗ ಮಾತ್ರ ಮನುಷ್ಯ ಪಾಠ ನಿಲ್ಲಿಸಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

ಈಗ ತೊಡಕು ನೋಡು. ಅವಳ ಬೀದಿ ಕಿರಿದು, ಮೂಲೆಯಲ್ಲಿ ತಿರುವು. ಅವಳಿಗೆ ಚಿಕ್ಕ ವ್ಯಾನು ಬೇಕು. ಅವರ ಕಾಲಿಗೆ ಉದ್ದ ಬೇಕು. ಷೋರೂಮಿಗೆ ಅವರು ಬರಲೊಪ್ಪರು. ಅದಕ್ಕೆ ಇವಳು ಕಂದು ಕಾಗದ ಹಾಸಿ, ಅದರ ಮೇಲೆ ಅವರನ್ನು ಮಲಗಿಸಿ, ಸುತ್ತ ಚಾಕ್‌ನಿಂದ ಗೀಟೆಳೆದಳು.

"ಪೊಲೀಸರು ಹೆಣದ ಸುತ್ತ ಎಳೀತಾರಲ್ಲ, ಹಾಗಿದೆ," ಅಂದರು ಅವರು.

"ಅಲ್ಲಾಡಬೇಡಿ. ಹೆಣ ಮಾತಾಡಲ್ಲ."

ಕತ್ತರಿಸಿ, ಬಲಗಾಲು ಮಡಚದ ಹಾಗೆ ಹಿಂದೆ ರಟ್ಟು ಅಂಟಿಸಿದಳು. ಆ ಕಾಗದದ ಗಂಡನನ್ನು ಸುರುಳಿ ಸುತ್ತಲೂ ಬರುವುದಿಲ್ಲವಲ್ಲ, ರಟ್ಟಿನ ಕಾಲು ಹೆಗಲ ಮೇಲೆ ಈಟಿಯ ಹಾಗೆ ನಿಗುರಿಕೊಂಡಿರುತ್ತಿತ್ತು. ಹಾಗೇ ಷೋರೂಮು ಹೊಕ್ಕಳು. ಜೊತೆಗೆ ಅವಳ ಮಗ, ನಿನ್ನ ಮಾವ. ಅವನಿಗೆ ನಾಚಿಕೆಯೋ ನಾಚಿಕೆ.

ಮಗನಿಗೆ ಇಷ್ಟವಾದದ್ದು ಎಲ್ಲಕ್ಕಿಂತ ಉದ್ದನೆಯದು. ಬಚ್ಚಲಿದೆ, ಫ್ರಿಜ್ಜಿದೆ, ಕನ್ನಡಿಯಿದೆ, ಕಾಗದದ ಗಂಡ ಕೈಕಾಲು ಚೆಲ್ಲಿ ಮಲಗಿದರೂ ಜಾಗ ಮಿಗುತ್ತದೆ. ಓಡಿಸಿ ನೋಡುತ್ತೇನೆಂದು ತನ್ನ ಬೀದಿಗೇ ತಂದಳು. ಮೂಲೆಮನೆಯ ಗೋಡೆಯ ಅಪ್ಪಣೆಯಿಲ್ಲದೆ ಅದು ತಿರುಗುವ ಹಾಗೇ ಇರಲಿಲ್ಲ.

"ರಸ್ತೆ ತುದೀಲಿ ನಿಲ್ಲಿಸಿದ್ರಾಯ್ತಮ್ಮ," ಅಂದ ಮಗ.

"ಅಲ್ಲಿವರೆಗೂ ಅಪ್ಪನ್ನ ಯಾರು ಎತ್ಕೊಂಡು ಹೋಗ್ತಾರೆ? ನೀನಾ?"

ಮುಗಿಯಿತು ಅದರ ಕತೆ.

ಎರಡನೆಯದು ಬಲು ಮುದ್ದಾದ ಪುಟಾಣಿ. ಮೇಲ್ಛಾವಣಿಯನ್ನು ಕೊಡೆಯ ಹಾಗೆ ಮೇಲೆತ್ತಬಹುದು, ಸೀಟನ್ನು ಬಿಡಿಸಿದರೆ ಹಾಸಿಗೆ. ಕಾಗದದ ಗಂಡನನ್ನು ಮಲಗಿಸಿದರೆ ಪಾದ ಹೋಗಿ ಸಿಂಕಿನೊಳಗೆ ಕೂತಿತು. "ಒಳ್ಳೇದಾಯ್ತು, ಮಲಗಿದಲ್ಲೇ ಕಾಲು ತೊಳ್ಕೋಬಹುದು," ಅಂದಳು. ಟೈ ಕಟ್ಟಿದ ಮಾರಾಟದ ಹುಡುಗ, "ಮೇಲೆ ಇನ್ನೊಂದು ಹಾಸಿಗೆ ಇದೆ ಮೇಡಂ, ಏಣಿ ಹತ್ತಿದ್ರೆ..." ಅಂದ. ಇವಳು ಅವನ ಮುಖ ನೋಡಿದಳು. ಅವನೇ ಏಣಿಯನ್ನು ಮಡಚಿಟ್ಟ.

ಮೂರನೆಯದು ಎತ್ತರದ ಚಾವಣಿಯದು, ಆಕಾಶದ ಬಣ್ಣ, ಹಿಂಭಾಗದಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಹಾಸಿಗೆ. ಕಾಗದದ ಗಂಡ ತಲೆಯಿಂದ ಹಿಮ್ಮಡಿಯವರೆಗೆ ಸರಿಯಾಗಿ ಹಿಡಿಸಿದ. ಬೀದಿಯಲ್ಲಿ ಸೂಜಿಯೊಳಗೆ ದಾರ ಹೋದ ಹಾಗೆ ಹೋಯಿತು. ಸೋಮವಾರ ಮುಂಗಡ ಕೊಡುವುದೆಂದು ಮಾತಾಯಿತು. ನನಗೆ ಫೋನು ಮಾಡಿ ಕುಣಿದಳು. ನಾನೂ ಆಕಾಶದ ಬಣ್ಣಕ್ಕೆ ಒಪ್ಪುವ ಟವೆಲ್ಲು ಹುಡುಕತೊಡಗಿದೆ. ನನ್ನದೇನು, ನನಗೆ ಟವೆಲ್ಲು ಕೊಳ್ಳುವುದೆಂದರೆ ಹುಚ್ಚು, ನಿಮ್ಮಜ್ಜ ಬೈಯುತ್ತಿದ್ದರು, ಈ ಮನೇಲಿ ಇರೋದು ಮನುಷ್ಯರೋ ಮೀನೋ ಅಂತ. ಇರಲಿ ಬಿಡು.

ಅವತ್ತು ಸಂಜೆ ಅಂಗಡಿಯಲ್ಲಿ ಆ ಕಾಗದವನ್ನು ಮೊಳೆಗೆ ನೇತುಹಾಕಿದಳಂತೆ. ಪಕ್ಕದಲ್ಲೇ ಡ್ರೈವರ್ ಪ್ಯಾಂಟಿನ ಕಾಗದದ ಕಟಿಂಗು, ಲೂಸಿಗೆ ಗುರುತು ಹಾಕಿದ್ದು. ಇದಕ್ಕೆ ಗುರುತೂ ಇಲ್ಲ, ಲೂಸೂ ಇಲ್ಲ. ಜನ್ಮವೆಲ್ಲ ಕೂರುವವರಿಗೆ, ಏಳುವವರಿಗೆ ಲೂಸು ಬಿಟ್ಟವಳು ಗಂಡನ ವಿಷಯಕ್ಕೆ ಬಂದಾಗ ಅಲ್ಲಾಡದೆ ಮಲಗಿದವನನ್ನು ಕತ್ತರಿಸಿಟ್ಟಿದ್ದಳು. ತಕ್ಷಣ ನನಗೆ ಫೋನು. "ಅಕ್ಕ, ಅವರು ತಮಾಷೆಗೆ ಅಂದದ್ದು ನಿಜ. ನಾನು ಹೆಣಕ್ಕೇ ಅಳತೆ ತಗೊಂಡಿದ್ದೀನಿ. ನಾಳೆ ಬಾ ನನ್ನ ಜೊತೆ."

ಮರುದಿನ ಷೋರೂಮಿನಲ್ಲಿ ಏನು ಮಾಡಿದಳು ಕೇಳು. ಬಟ್ಟೆ ಅಳೆಯುವ ಮರದ ಕೋಲನ್ನು ತನ್ನ ಬಲಗಾಲಿಗಿಟ್ಟು, ಚಿಂದಿ ಪಟ್ಟಿಗಳಿಂದ ತೊಡೆಯಿಂದ ಪಾದದವರೆಗೆ ಬಿಗಿದಳು. ಕುಂಟುತ್ತ ಹೋಗಿ ಆ ಅಡ್ಡ ಹಾಸಿಗೆಯ ಮೇಲೆ ಮಲಗಿದಳು.

"ಅಮ್ಮ, ಜನ ನೋಡ್ತಿದ್ದಾರೆ," ಅಂತ ಮಗ ಹಲ್ಲು ಕಚ್ಚಿದ.

"ನೋಡ್ಲಿ ಬಿಡೋ, ಟಿಕೆಟ್ ಇಲ್ಲ."

ಮಲಗಿದ್ದಾಯಿತು. ಏಳಬೇಕಲ್ಲ? ಎದ್ದು ಅಂಚಿಗೆ ಬರಬೇಕಾದರೆ ಕಾಲನ್ನು ಗೋಡೆಯ ಕಡೆಯಿಂದ ವ್ಯಾನಿನ ನಡುವಿನ ಓಣಿಯ ಕಡೆಗೆ ಬೀಸಿ ತಿರುಗಿಸಬೇಕು. ಮಧ್ಯೆ ಒಲೆಯ ಕಟ್ಟೆ. ನಾವಾದರೆ ಮಂಡಿ ಮಡಚಿ ಎಳೆದುಕೊಳ್ಳುತ್ತೇವೆ. ಕೋಲು ಮಡಚುತ್ತದೆಯೇ? ಅಂಗಾತ ಬಿದ್ದ ಜೀರುಂಡೆಯ ಹಾಗೆ ಒದ್ದಾಡಿದಳು. ನಾನು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ನಗು ನಿಂತುಹೋಯಿತು. ಕೊನೆಗೆ ನಾನೊಂದು ಕಡೆ, ಟೈ ಹುಡುಗನೊಂದು ಕಡೆ ಕಂಕುಳಿಗೆ ಕೈಹಾಕಿ ಎತ್ತಿದೆವು.

ಅವಳು ಮೆಟ್ಟಿಲ ಮೇಲೆ ಕೂತು ಕೂದಲು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು, "ನನ್ನನ್ನೂ ಎತ್ತಿದ್ರಿ, ನೋಡಿದ್ರಾ? ಇದು ಬೇಡ."

ಮಗನಿಗೆ ತಡೆಯಲಾಗಲಿಲ್ಲ. "ಇನ್ನು ಸಾಕಮ್ಮ. ಅಪ್ಪನಿಗೆ ಆಗೋ ವ್ಯಾನು ಲೋಕದಲ್ಲೇ ಇಲ್ಲ."

"ಲೋಕ ಪೂರ್ತಿ ನೋಡಿದೀಯಾ? ನಾನಿನ್ನೂ ಈ ಷೋರೂಮೇ ಪೂರ್ತಿ ನೋಡಿಲ್ಲ."

ಆಗ ಟೈ ಹುಡುಗ ತಲೆ ಕೆರೆದುಕೊಂಡ. "ಹಿಂದೆ ಶೆಡ್ಡಲ್ಲಿ ಒಂದಿದೆ ಮೇಡಂ. ಯಾರೂ ಕೇಳಲ್ಲ, ಅದಕ್ಕೇ ತೋರಿಸ್ಲಿಲ್ಲ. ಬಚ್ಚಲಿಲ್ಲ, ಬಣ್ಣಾನೂ ಅಷ್ಟಕ್ಕಷ್ಟೆ."

ಹೋಗಿ ನೋಡಿದೆವು. ಕೆಸರಿನ ಬಣ್ಣದ ಗಿಡ್ಡ ವ್ಯಾನು. ಒಳಗೆ ಎಡಕ್ಕೊಂದು ಬಲಕ್ಕೊಂದು ಉದ್ದುದ್ದದ ಬೆಂಚು, ನಡುವೆ ಓಣಿ, ಮುಂದುಗಡೆ ಸಣ್ಣ ಒಲೆ. ಹಿಂದಿನ ಬಾಗಿಲು ಎರಡು ರೆಕ್ಕೆಯಾಗಿ ತೆರೆದರೆ ಬೆಂಚಿನ ತುದಿ ಎದುರಿಗೇ, ಕೈಗೆ ಸಿಗುವ ಎತ್ತರದಲ್ಲಿ. ಹಗಲು ಕೂರಲು ಬೆಂಚು, ಬೆಲ್ಟೂ ಇದೆ, ರಾತ್ರಿ ಅದೇ ಹಾಸಿಗೆ. ಕಾಲಿಗೆ ಕೋಲು ಕಟ್ಟಿಕೊಂಡೇ ಇವಳು ಬೆಂಚಿನ ತುದಿಗೆ ಬೆನ್ನು ಕೊಟ್ಟು ಕೂತು, ಹಿಂದಕ್ಕೆ ಸರಿದು ಹತ್ತಿದಳು, ಹಾಗೇ ಇಳಿದಳು. ಮುಖ ಇಷ್ಟಗಲ ಆಯಿತು. ಆದರೂ ಹೂಂ ಅನ್ನಲಿಲ್ಲ. "ನಾನು ಅವರಿಗಿಂತ ಗಿಡ್ಡ. ಒಂದು ಸಲ ಮೋಸ ಹೋಗಿದ್ದೀನಿ. ಭಾನುವಾರ ಮನೆ ಹತ್ರ ತರಬೇಕು."

ಭಾನುವಾರ ತಾನೇ ಓಡಿಸಿಕೊಂಡು ಬಂದು, ಹಿಂಬಾಗಿಲು ಗೇಟಿಗೆ ಮುಖಮಾಡುವ ಹಾಗೆ ನಿಲ್ಲಿಸಿದಳು. ಅವರು ಜಗುಲಿಯ ಕುರ್ಚಿಯಿಂದ ಅಲ್ಲಾಡಲಿಲ್ಲ.

"ನಾನು ಬರಲ್ಲ ಕಣೇ. ಜನ ಸೇರ್ತಾರೆ. ಹತ್ತೋಕಾಗದೆ ಸಿಕ್ಕಿಹಾಕ್ಕೊಂಡ್ರೆ ಮತ್ತೆ ಎತ್ತಿ ಇಳಿಸ್ತೀರಿ."

"ಕಾಗದದ ಗಂಡನ್ನ ಕಟ್ಕೊಂಡು ಅಲೆದದ್ದು ಸಾಕಾಯ್ತು. ನಿಜವಾದವರು ಒಂದ್ಸಲ ಎದ್ದು ಬನ್ನಿ. ಯಾರೂ ನೋಡಲ್ಲ. ನಾನೂ ನೋಡಲ್ಲ."

ಹಾಗೆಂದವಳೇ ನಮ್ಮೆಲ್ಲರನ್ನೂ ಕಾಂಪೌಂಡ್ ಗೋಡೆಯ ಕಡೆಗೆ ಮುಖ ಮಾಡಿಸಿ ನಿಲ್ಲಿಸಿದಳು. ಮಗ, ಟೈ ಹುಡುಗ, ನಾನು, ತಾನು. ಮನೆಪಾಠ ಮಾಡದ ಮಕ್ಕಳ ಹಾಗೆ. ನನ್ನ ಮೂಗಿನ ಮುಂದೆ ಒಂದು ಇರುವೆ ಸಾಲು ಹೋಗುತ್ತಿತ್ತು, ಅದನ್ನೇ ನೋಡುತ್ತ ನಿಂತೆ.

ಆ ಇರುವೆ ಸಾಲು ಮುಗಿದೇ ಹೋಯಿತು. ಆಮೇಲೆ ಕುರ್ಚಿ ಕಿರುಗುಟ್ಟಿತು. ಊರುಗೋಲು ಟಕ್ ಅಂದಿತು. ಗೇಟಿನ ಸದ್ದು. ತಂಗಿ ನನ್ನ ಮಣಿಕಟ್ಟು ಹಿಡಿದಿದ್ದಳು, ಬಳೆ ಒತ್ತಿ ನೋಯುತ್ತಿತ್ತು. ಧಪ್ ಅಂತ ಏನೋ ಬಿತ್ತು. ಮಗ ತಿರುಗಲು ಹೊರಟ.

"ತಿರುಗಿದ್ರೆ ನೋಡು!"

"ಬಿದ್ದಿದ್ರೆ, ಅಮ್ಮ?"

"ಬಿದ್ದಿದ್ರೆ ಅವರೇ ಕೂಗ್ತಾರೆ. ಅವರಿಗೆ ಬಾಯಿಲ್ವಾ?"

ಬಿದ್ದದ್ದು ಊರುಗೋಲು. ಸ್ವಲ್ಪ ಹೊತ್ತಿಗೆ ವ್ಯಾನಿನ ಒಳಗಿನಿಂದ ಸ್ವರ ಬಂತು. "ಲೇ ಕತ್ತರಿ, ಈ ಕಿಟಕಿ ತೆಗೆಯೋದು ಹೇಗೇ?"

ತಂಗಿ ಗೋಡೆಗೇ ಹೇಳಿದಳು, "ಪಕ್ಕಕ್ಕೆ ಸರಿಸಿ. ತಿರುಗಬಹುದಾ?"

"ತಡಿ. ಇನ್ನೂ ಇಳೀಬೇಕು."

ಅದೇ ದೊಡ್ಡ ಪರೀಕ್ಷೆ, ಅವರಿಗೂ ಗೊತ್ತು. ಬೆಂಚು ಸವರಿದ ಸದ್ದು, ಒಂದು ಏದುಸಿರು, ನೆಲಕ್ಕೆ ಚಪ್ಪಲಿ ತಾಗಿದ ಸದ್ದು.

"ಹೂಂ, ಈಗ ನೋಡಿ."

ನೋಡಿದರೆ ಗೇಟಿನ ಹೊರಗೆ ರಸ್ತೆಯ ಮೇಲೆ ನಿಂತಿದ್ದಾರೆ. ಕೂದಲು ಕೆದರಿದೆ, ಅಂಗಿಯ ತೋಳಿಗೆಲ್ಲ ಧೂಳು. ತಂಗಿ ಓಡಿಹೋಗಿ ಕೈ ಹಿಡಿಯುತ್ತಾಳೆ ಅಂದುಕೊಂಡೆ. ಇಲ್ಲ. ದೂರದಲ್ಲೇ ನಿಂತು ಕೇಳಿದಳು, "ಹೇಗಿದೆ?"

"ಬಲಗಡೆ ಬೆಂಚು ನನ್ನದು. ದಿಂಬು ಗಟ್ಟಿ ಬೇಕು."

"ಹೊಲಿದುಕೊಡ್ತೀನಿ. ಮೊದಲು ಎಲ್ಲಿಗೆ ಹೋಗೋದು?"

"ಎಲ್ಲಿಗಾದ್ರೂ ಸರಿ. ಹಗಲಲ್ಲಿ."

ವ್ಯಾನನ್ನು ಬೀದಿಯಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಸುವಾಗ ಅವರೇ ರಸ್ತೆ ಮಧ್ಯೆ ನಿಂತು ಅಂಗೈ ಆಡಿಸಿದರು. "ಬರ್ಲಿ, ಬರ್ಲಿ, ಬರ್ಲಿ... ರೈಟ್!" ಇವಳು ಕಿಟಕಿಯಿಂದ ತಲೆ ಹಾಕಿ, "ನಿಮಗೆ ಕಂಡಕ್ಟರ್ ಕೆಲಸಾನೇ ಒಪ್ಪುತ್ತೆ ಕಣ್ರೀ, ಇಷ್ಟು ವರ್ಷ ಸುಮ್ನೆ ಮುಂದೆ ಕೂತಿದ್ರಿ," ಅಂದಳು. ಮಗ ಬಣ್ಣದ ಬಗ್ಗೆ ಗೊಣಗಿದ. "ಕೊಳೆ ಕಾಣಲ್ಲ," ಅಂದಳು, ಅಲ್ಲಿಗೆ ಕತ್ತರಿಸಿದಳು.

ಅದು ಹೋದ ತಿಂಗಳ ಮಾತು. ಇವತ್ತು ಬೆಳಿಗ್ಗೆ ಹೊರಟಿದ್ದಾರೆ, ಮೊದಲು ನಿಲ್ಲುವುದು ನಮ್ಮ ಮನೆಯಲ್ಲೇ. ಪೆಟ್ರೋಲ್ ಬಂಕಿನ ಹತ್ತಿರ ಬಂದೆವೆಂದು ಈಗ ಫೋನು ಬಂತಲ್ಲ, ಬರೆದದ್ದು ಸಾಕು, ಏಳು. ಗೇಟಿನ ಪಕ್ಕದ ಹೂಕುಂಡಗಳನ್ನೂ ನಿನ್ನ ಸೈಕಲ್ಲನ್ನೂ ಗೋಡೆಗೆ ಸರಿಸಿಬಿಡು. ಹಿಂಬಾಗಿಲು ಎರಡೂ ಪೂರ್ತಿ ತೆರೆಯಬೇಕು, ಅವರಿಗೆ ಕಾಲು ಚಾಚಿ ಇಳಿಯಲು ಜಾಗ ಬೇಕು. ಸರಿಸಿ ನೆಟ್ಟಗೆ ಒಳಗೆ ಬಾ ಮತ್ತೆ. ಅಲ್ಲೇ ನಿಂತು ನೋಡುತ್ತಾ ಇರಬೇಡ.