ವಜ್ರದ ಓಲೆ ಬಿಚ್ಚಿಕೊಟ್ಟ ಪಾಠ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ರಸಾಯನಶಾಸ್ತ್ರವನ್ನು ಬಾಯಿಪಾಠದಿಂದ ಬಿಡಿಸಿದ ಕೆಲವೇ ಅಧ್ಯಾಪಕರಲ್ಲಿ ಪ್ರೊ. ಜಯಾ ಬೆಟಗೇರಿಯವರು ಒಬ್ಬರು. ಗದಗಿನಿಂದ ಬಂದು, ಬಿಟಿಎಂ ಬಡಾವಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ನೆಲೆನಿಂತು, ಜಯನಗರದ ಕಾಲೇಜಿಗೆ ಆಯುಷ್ಯದ ಬಹುಭಾಗವನ್ನು ಧಾರೆಯೆರೆದ ಅವರು ಈಗ ನಿವೃತ್ತರಾಗುತ್ತಿದ್ದಾರೆ; ಅವರ ಗೌರವಾರ್ಥವೇ ಈ ಅಭಿನಂದನ ಸಂಪುಟ.

ಅವರು ಸೇರಿದ ವರ್ಷವೇ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ವಜ್ರವೂ ಇಂಗಾಲ, ಪೆನ್ಸಿಲ್ಲಿನ ಗ್ರಾಫೈಟೂ ಇಂಗಾಲ, ವಿದ್ಯುತ್ ಒಂದರಲ್ಲಿ ಮಾತ್ರ ಹರಿಯುವುದೇಕೆ? ಮೇಡಂ ಭೌತಶಾಸ್ತ್ರದ ಸೇತುರಾಮರನ್ನು ಬ್ಯಾಟರಿ, ಪುಟ್ಟ ದೀಪಗಳೊಡನೆ ತರಗತಿಗೆ ಕರೆಸಿದರು. ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ಲಿಗೆ ತಂತಿ ತಾಗಿಸಿದಾಗ ದೀಪ ಹತ್ತಿತು. ವಜ್ರಕ್ಕೇನು ಮಾಡುವುದೆಂದು ಸೇತುರಾಮರು ಯೋಚಿಸುತ್ತಿದ್ದಂತೆ, ಮೇಡಂ ತಾಯಿಯಿಂದ ಬಂದ ತಮ್ಮ ವಜ್ರದ ಓಲೆಯನ್ನೇ ಬಿಚ್ಚಿ ಅವರ ಅಂಗೈಯಲ್ಲಿಟ್ಟರು. ಅವರು ತಾಗಿಸಿದ ತಂತಿ ಜಾರಿ, ಹತ್ತಬಾರದ ದೀಪ ಹತ್ತಿಬಿಟ್ಟಿತು.

"ತಂತಿ ಚಿನ್ನಕ್ಕ ತಾಗೇದ್ರೀ ಸರ್, ಹರಳಿಗೆ ಹಿಡೀರಿ," ಎಂದರು ಮೇಡಂ.

ಹರಳಿಗೆ ಹಿಡಿದಾಗ ದೀಪ ಆರಿತು. ವಜ್ರದಲ್ಲಿ ಪ್ರತಿ ಪರಮಾಣುವಿನ ಹೊರಗಿನ ನಾಲ್ಕೂ ಎಲೆಕ್ಟ್ರಾನುಗಳು ನೆರೆಯವರೊಡನೆ ಬಂಧದಲ್ಲಿ ಕಟ್ಟುಬಿದ್ದಿರುತ್ತವೆ. ಗ್ರಾಫೈಟಿನಲ್ಲಿ ಮೂರು ಮಾತ್ರ ಬಂಧಕ್ಕೆ ಸಲ್ಲುತ್ತವೆ, ನಾಲ್ಕನೆಯದು ಪದರದ ಉದ್ದಗಲಕ್ಕೂ ಓಡಾಡಿ ವಿದ್ಯುತ್ತನ್ನು ಒಯ್ಯುತ್ತದೆ ಎಂದು ಮೇಡಂ ಅಂದು ವಿವರಿಸಿದ್ದನ್ನು ಕೇಳಿದವರಾರೂ ಮರೆತಿಲ್ಲ. ಅಂದಿನಿಂದ ಪ್ರತಿವರ್ಷ ಆ ಪಾಠ ಇಬ್ಬರದಾಯಿತು. ಸೇತುರಾಮರು ವರ್ಷವಿಡೀ ಅದಕ್ಕಾಗಿ ಕಾಯುತ್ತಿದ್ದರು.

ಬನಶಂಕರಿಯ ಮನೆಯಲ್ಲಿ ಸೇತುರಾಮರ ತಾಯಿ ಹಾಸಿಗೆ ಹಿಡಿದಾಗ, ಮೇಡಂ ಸೇತುರಾಮರ ತರಗತಿಗಳನ್ನೂ ತಾವೇ ನಡೆಸಿ, ಸಂಜೆ ಜೋಳದ ರೊಟ್ಟಿ ಕಟ್ಟಿಕೊಂಡು ಬಂದು ಆ ವೃದ್ಧೆಯ ಪಕ್ಕದಲ್ಲಿ ಕೂರುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಮೇಡಂಗೆ ಬರಲು ಕಾರಣವಿಲ್ಲವಾಯಿತು. ಮದುವೆಯ ಮಾತನ್ನೇ ಮರೆತು ಮನೆ ನೋಡಿಕೊಂಡಿದ್ದ ಸೇತುರಾಮರಿಗೆ, ಬನ್ನಿ ಎನ್ನಲು ಬಾಯಿ ಬರಲಿಲ್ಲ. ಸಂಜೆಯಾದರೆ ಗೇಟಿನ ಸದ್ದಿಗೆ ಕಿವಿ ಮಾತ್ರ ನಿಮಿರುತ್ತಿತ್ತು.

ಈ ವರ್ಷದ ಪಾಠ ಮುಗಿಸಿ ಮೆಟ್ಟಿಲಿಳಿಯುವಾಗ, ತಾವು ಗದಗಿಗೆ ಮರಳುವುದಾಗಿ ಮೇಡಂ ಸೇತುರಾಮರಿಗೆ ತಿಳಿಸಿದರು.

"ಮುಂದಿನ್ವರ್ಷ ಈ ಪಾಠಕ್ಕಾದ್ರೂ ಬಂದ್ಹೋಗ್ತೀರಾ ಮೇಡಂ?"

"ಕರದ್ರ ಬರ್ತೀನ್ರೀ ಸರ್. ಆದ್ರ ಇಷ್ಟ್ ವರ್ಷದಾಗ ಪಾಠ ಬಿಟ್ಟು ಬ್ಯಾರೆ ಯಾವುದಕ್ಕೂ ನೀವು ಕರದೇ ಇಲ್ಲಲ್ರೀ."

ಸೇತುರಾಮರು ಕೈಲಿದ್ದ ತಂತಿಯನ್ನು ಸುತ್ತತೊಡಗಿದರು. ಮೇಡಂ ಅದು ಮುಗಿಯುವವರೆಗೆ ಕಾದು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಜಯಾ ಮೇಡಂ ಅವರಿಗೆ ದೀರ್ಘಾಯುಷ್ಯ, ಆರೋಗ್ಯ, ಕೈತುಂಬ ಕೆಲಸ ದೊರೆಯಲೆಂದು ಸೇತುರಾಮರು ಮನಸಾರೆ ಹಾರೈಸುತ್ತಾರೆ. ಗದಗಿನಲ್ಲಿ ಸುಖವಾಗಿರಿ ಎಂಬ ಹಾರೈಕೆ ಮಾತ್ರ ಅವರಿಂದಾಗದು. ಮೆಟ್ಟಿಲ ಮೇಲೆ ಆಡಲಾಗದ್ದನ್ನು, ಈ ಲೇಖನ ಬರೆದ ಅವರು ಈ ಸಂಪುಟದಲ್ಲಿ, ಎಲ್ಲರೆದುರು ಆಡುತ್ತಿದ್ದಾರೆ: ಯಾವ ಪಾಠವೂ ಇಲ್ಲದ ಒಂದು ಸಂಜೆ, ಮೇಡಂ ಬನಶಂಕರಿಯ ಮನೆಗೆ ಬರಬೇಕು.